ಉಣ್ಣದ ಪತಂಗವೂ ಜಿಗಿಯುವ ಇರುವೆಯೂ

ಪ್ರಶ್ನೆ: ಮುಂಗಾರಿನ ಮೊದಲ ಮಳೆ ಬಿದ್ದ ವಾರದಲ್ಲಿ ನಮ್ಮ ಮನೆಯ ಜಗುಲಿಯ ಗೋಡೆಗೆ ಒಂದು ಗೇಣು ಅಗಲದ, ಇಟ್ಟಿಗೆ ಬಣ್ಣದ ಪತಂಗವೊಂದು ಬಂದು ಕುಳಿತಿತ್ತು. ಅದರ ರೆಕ್ಕೆಗಳಲ್ಲಿ ಗಾಜಿನಂತೆ ಪಾರದರ್ಶಕವಾದ ತ್ರಿಕೋನಗಳಿದ್ದವು. ಎರಡು ದಿನ ಅದು ಅಲ್ಲಿಂದ ಕದಲಲಿಲ್ಲ. ಬಾಳೆಹಣ್ಣು, ಜೇನುತುಪ್ಪ ಇಟ್ಟರೂ ಮುಟ್ಟಲಿಲ್ಲ. ಇದಕ್ಕೆ ಮೊದಲು, ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟಕ್ಕೆ ದರಕು (ಉದುರಿದ ಒಣ ಎಲೆ) ಗುಡಿಸಲು ಹೋದಾಗ, ಉದ್ದ ದವಡೆಯ ಕೆಂಗಂದು ಬಣ್ಣದ ಇರುವೆಯೊಂದು ನೆಲದಿಂದ ಚಂಗನೆ ಜಿಗಿದು ಹಿಡಿ ಕಸಬರಿಗೆಯ ಮೇಲೆ ಬಿದ್ದಿತ್ತು. ಎರಡೂ ಈಗ ಅಪರೂಪವೆಂದು ನಮ್ಮ ಊರಿನ ಹಿರಿಯರು ಹೇಳುತ್ತಾರೆ. ಇವು ಯಾವ ಕೀಟಗಳು? ಒಂದೇ ಕಾಡಿನಲ್ಲಿದ್ದರೂ ಇವುಗಳ ಬದುಕು ಹೇಗೆ ಬೇರೆ? ಪತಂಗ ಏನನ್ನೂ ತಿನ್ನದಿರಲು ಕಾರಣವೇನು?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಜಗುಲಿಗೆ ಬಂದ ಅತಿಥಿಗೆ ನೀವು ಇಟ್ಟ ಹಣ್ಣು ರುಚಿಸಲಿಲ್ಲವೆಂದಲ್ಲ. ಅದಕ್ಕೆ ಉಣ್ಣುವ ಬಾಯಿಯೇ ಇರಲಿಲ್ಲ. ನೀವು ಕೊಟ್ಟ ವಿವರದಿಂದ ಅದು ಅಟ್ಲಾಸ್ ಪತಂಗವೆಂಬುದು ಸ್ಪಷ್ಟ. ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಹರಡಿರುವ, 1758ರಲ್ಲಿ ಲಿನೇಯಸ್ ಹೆಸರಿಟ್ಟ ಅಟ್ಟಾಕಸ್ ಅಟ್ಲಾಸ್ ಎಂಬ ಜಾತಿಗೆ ತೀರಾ ಹತ್ತಿರದ, ದಕ್ಷಿಣ ಭಾರತ ಮತ್ತು ಶ್ರೀಲಂಕಾಗಳಿಗೆ ಸೇರಿದ ಅಟ್ಟಾಕಸ್ ಟಾಪ್ರೊಬೇನಿಸ್ ನಮ್ಮ ಪಶ್ಚಿಮ ಘಟ್ಟದಲ್ಲಿರುವ ಜಾತಿ. ಹಳೆಯ ಪುಸ್ತಕಗಳಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಕರೆದಿರುವುದುಂಟು. ರೆಕ್ಕೆ ಬಿಚ್ಚಿದಾಗ ತುದಿಯಿಂದ ತುದಿಗೆ 20 ಸೆಂಟಿಮೀಟರ್ ಮೀರುವ ಈ ಪತಂಗಗಳು ಜಗತ್ತಿನ ಅತಿ ದೊಡ್ಡ ಪತಂಗಗಳ ಸಾಲಿನಲ್ಲಿವೆ. ನೀವು ಕಂಡ ಪಾರದರ್ಶಕ ತ್ರಿಕೋನಗಳು ರೆಕ್ಕೆಯಲ್ಲಿ ಹುರುಪೆ ಇಲ್ಲದ ಜಾಗಗಳು. ಉಳಿದ ಕಡೆ ಬಣ್ಣ ಕೊಡುವುದು ಹುರುಪೆಗಳೇ. ಅವು ಇಲ್ಲದಲ್ಲಿ ಬರಿಯ ಪೊರೆ ಉಳಿಯುತ್ತದೆ.

ಎರಡನೆಯದು ಜಿಗಿಯುವ ಇರುವೆ, ವೈಜ್ಞಾನಿಕವಾಗಿ ಹಾರ್ಪೆಗ್ನಾತೋಸ್ ಸಾಲ್ಟೇಟರ್. ಈಸ್ಟ್ ಇಂಡಿಯಾ ಕಂಪನಿಯಲ್ಲಿ ವೈದ್ಯನಾಗಿದ್ದು, ಮುಂದೆ ಭಾರತದ ಪಕ್ಷಿಗಳ ಅಧ್ಯಯನದಿಂದ ಹೆಸರಾದ ಥಾಮಸ್ ಜೆರ್ಡನ್ 1851ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿಯನ್ನು ಮದರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ ಇದನ್ನು ಮೊದಲ ಬಾರಿಗೆ ವರ್ಣಿಸಿದ. ನಿಮಗೆ ಸಂತೋಷವಾಗಬಹುದಾದ ಸಂಗತಿಯೊಂದಿದೆ: ಈ ಇರುವೆಯ ಬಗ್ಗೆ ಜಗತ್ತಿಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ನಿಮ್ಮದೇ ನೆರೆಯ ಜೋಗದ ಸುತ್ತಲಿನ ಕಾಡುಗಳಿಂದ ಸಂಗ್ರಹಿಸಿದ ಗೂಡುಗಳಿಂದ ಬಂದದ್ದು.

ಇನ್ನು ಬದುಕಿನ ವ್ಯತ್ಯಾಸ. ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಕೀಟ ಎಂಬ ನಾಲ್ಕು ಘಟ್ಟಗಳನ್ನು ಎರಡೂ ಹಾಯುತ್ತವೆ. ಎರಡರ ಮರಿಗಳೂ ರೇಷ್ಮೆ ನೂಲಿ ಗೂಡು ಕಟ್ಟಿಕೊಂಡೇ ರೂಪಾಂತರ ಹೊಂದುತ್ತವೆ. ಹೋಲಿಕೆ ಅಲ್ಲಿಗೇ ಮುಗಿಯಿತೆನ್ನಬಹುದು. ಪತಂಗ ತನ್ನ ಜೀವಮಾನದ ಊಟವನ್ನೆಲ್ಲ ಬಾಲ್ಯದಲ್ಲಿಯೇ ಮುಗಿಸುತ್ತದೆ. ಇರುವೆಯ ಬಾಲ್ಯ ಪೂರ್ತಿ ಪರಾವಲಂಬನೆಯದು, ದುಡಿಮೆ, ಬೇಟೆ, ಜಗಳ, ಕಲಿಕೆಗಳೆಲ್ಲ ಪ್ರೌಢಾವಸ್ಥೆಯವು.

ಅಟ್ಲಾಸ್ ಪತಂಗದ ಮರಿಹುಳು ದಾಲ್ಚಿನ್ನಿ, ಪೇರಲೆ, ನಿಂಬೆಯ ಜಾತಿಯ ಗಿಡಗಳು ಮುಂತಾದ ಅನೇಕ ಬಗೆಯ ಎಲೆಗಳನ್ನು ತಿಂದು ಬೆಳೆಯುತ್ತದೆ. ಬೆಳೆದಾಗ ಅದು ಹತ್ತು ಸೆಂಟಿಮೀಟರಿಗೂ ಮಿಕ್ಕಿ ಉದ್ದವಿದ್ದು, ಮೈತುಂಬ ಮೆತ್ತನೆಯ ಮುಳ್ಳುಗಳನ್ನು ಹೊತ್ತು, ಅಕ್ಕಿಹಿಟ್ಟು ಉದುರಿಸಿದಂತೆ ಕಾಣುವ ಬಿಳಿಯ ಮೇಣದ ಪುಡಿಯಿಂದ ಮುಚ್ಚಿಕೊಂಡಿರುತ್ತದೆ. ಹಗಲೂ ರಾತ್ರಿ ಎಲೆ ಕತ್ತರಿಸುವುದೊಂದೇ ಅದರ ಕೆಲಸ. ಆ ಕೆಲವು ವಾರಗಳಲ್ಲಿ ಕೂಡಿಟ್ಟ ಕೊಬ್ಬೇ ಮುಂದಿನ ಎಲ್ಲ ಖರ್ಚಿಗೂ ಬಂಡವಾಳ: ಗೂಡಿನ ರೇಷ್ಮೆಗೆ, ದೇಹವನ್ನು ಕರಗಿಸಿ ಹೊಸದಾಗಿ ಕಟ್ಟುವ ರೂಪಾಂತರಕ್ಕೆ, ಆಮೇಲೆ ಹಾರಾಟಕ್ಕೆ, ಹೆಣ್ಣಾದರೆ ನೂರಾರು ಮೊಟ್ಟೆಗಳಿಗೆ.

ಗೂಡು ಕಟ್ಟುವ ಮೊದಲು ಮರಿಹುಳು ಮಾಡುವ ಒಂದು ಕೆಲಸವನ್ನು ಅವಕಾಶ ಸಿಕ್ಕಾಗ ಹತ್ತಿರದಿಂದ ನೋಡಿ. ತಾನು ಆರಿಸಿಕೊಂಡ ಎಲೆಯನ್ನು ಮೈಗೆ ಸುತ್ತಿಕೊಳ್ಳುವಾಗಲೇ ಆ ಎಲೆಯ ತೊಟ್ಟನ್ನೂ ಅದು ಹೊರಟ ಕಡ್ಡಿಯನ್ನೂ ಸೇರಿಸಿ ರೇಷ್ಮೆಯಿಂದ ಬಿಗಿಯಾಗಿ ಸುತ್ತುತ್ತದೆ. ಎಲೆ ಒಣಗಿ, ತೊಟ್ಟು ಕಳಚಿದರೂ ಗೂಡು ನೆಲಕ್ಕೆ ಬೀಳದೆ ಕೊಂಬೆಗೆ ನೇತಾಡುತ್ತಿರುತ್ತದೆ. ಗೂಡಿನ ಮೇಲ್ತುದಿಯಲ್ಲಿ ಎಳೆಗಳನ್ನು ಸಡಿಲವಾಗಿ ಬಿಟ್ಟು ದಾರಿಯನ್ನೂ ಮೊದಲೇ ಮಾಡಿಟ್ಟಿರುತ್ತದೆ, ಏಕೆಂದರೆ ಒಳಗಿನಿಂದ ಹೊರಬರುವ ಪತಂಗಕ್ಕೆ ಕಡಿದು ಬರಲು ದವಡೆಯಿರುವುದಿಲ್ಲ. ಹೊರಬಂದ ಪತಂಗ ಕೊಂಬೆಗೆ ಜೋತುಬಿದ್ದು, ಮುದುಡಿದ ರೆಕ್ಕೆಯ ನಾಳಗಳಿಗೆ ದೇಹದ್ರವವನ್ನು ತುಂಬಿ ಹರಡಿ, ಅದು ಗಟ್ಟಿಯಾಗುವವರೆಗೆ ಕಾಯುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಉಳಿದಿರುವುದು ಒಂದು ವಾರ, ಬಹಳವೆಂದರೆ ಎರಡು ವಾರ.

ಹಾಗಾಗಿ ನಿಮ್ಮ ಗೋಡೆಯ ಮೇಲೆ ಅದು ಕದಲದೆ ಕುಳಿತಿದ್ದು ಕಾಯಿಲೆಯಿಂದಲ್ಲ. ಹೊಸದಾಗಿ ತುಂಬಿಕೊಳ್ಳಲು ದಾರಿಯಿಲ್ಲದ ಜೀವಕ್ಕೆ ಹಗಲಿನ ಪ್ರತಿ ಚಲನೆಯೂ ನಷ್ಟ. ಹೆಣ್ಣು ಗೂಡಿನಿಂದ ಬಹಳ ದೂರ ಹೋಗದೆ ಒಂದೆಡೆ ಕುಳಿತು, ರಾತ್ರಿ ಹೊಟ್ಟೆಯ ತುದಿಯ ಗ್ರಂಥಿಯಿಂದ ಗಂಧವೊಂದನ್ನು ಗಾಳಿಗೆ ಬಿಡುತ್ತದೆ. ನಮ್ಮ ಮೂಗಿಗೆ ಅದು ತಿಳಿಯುವುದಿಲ್ಲ. ಗಂಡಿನ ಕುಡಿಮೀಸೆಗಳಾದರೋ ಹಕ್ಕಿಯ ಗರಿಯಂತೆ ಅಗಲವಾಗಿದ್ದು, ಗಾಳಿಯಲ್ಲಿ ಚದುರಿದ ಆ ಗಂಧದ ಕಣಗಳನ್ನು ಬಹು ದೂರದಿಂದಲೇ ಹಿಡಿಯಬಲ್ಲವು. ನಿಮ್ಮ ಪತಂಗ ಗಂಡೋ ಹೆಣ್ಣೋ ಎಂದು ತಿಳಿಯಲು ಮುಂದಿನ ಬಾರಿ ಮೀಸೆಯನ್ನು ನೋಡಿದರೆ ಸಾಕು: ಅಗಲ ಗರಿಯಂತಿದ್ದರೆ ಗಂಡು, ಕಿರಿದಾಗಿದ್ದು ಹೊಟ್ಟೆ ದಪ್ಪಗಿದ್ದರೆ ಹೆಣ್ಣು. ಮನೆಯ ದೀಪಕ್ಕೆ ಮರುಳಾಗಿ ಬಂದು ರಾತ್ರಿಯೆಲ್ಲ ಅಲ್ಲಿಯೇ ಸುತ್ತುವ ಗಂಡು ತನ್ನ ಕೆಲವೇ ರಾತ್ರಿಗಳಲ್ಲಿ ಒಂದನ್ನು ಕಳೆದುಕೊಂಡಂತೆ. ಆದ್ದರಿಂದ ಹಣ್ಣು ಇಡುವುದಕ್ಕಿಂತ ಹೊರಗಿನ ದೀಪ ಆರಿಸುವುದೇ ಅದಕ್ಕೆ ಮಾಡುವ ಉಪಕಾರ.

ಇರುವೆಯ ಕಡೆ ಬರೋಣ. ಜಿಗಿಯುವ ಇರುವೆಯ ಉದ್ದ ಸುಮಾರು ಒಂದೂವರೆಯಿಂದ ಎರಡು ಸೆಂಟಿಮೀಟರ್. ಇತರ ಇರುವೆಗಳಂತೆ ಇದು ಸಾಲು ಕಟ್ಟಿ ನಡೆಯುವುದಿಲ್ಲ. ಬೇಟೆಗೆ ಒಂಟಿಯಾಗಿಯೇ ಹೊರಡುತ್ತದೆ. ಹಗಲು ಬೆಳಕಿನಲ್ಲಿ, ದೊಡ್ಡ ಕಣ್ಣುಗಳಿಂದ ನೋಡಿ, ತರಗೆಲೆಗಳ ನಡುವೆ ಹೊಂಚುತ್ತ ಸಾಗಿ, ಜೇಡ, ಚಿಮ್ಮಂಡೆ ಮುಂತಾದ ಜೀವಿಗಳ ಮೇಲೆ ಎರಗುತ್ತದೆ. ಅದರ ಜಿಗಿತ ದವಡೆಯಿಂದ ಬರುವುದಲ್ಲ. ದವಡೆಯನ್ನು ಸಿಡಿಸಿ ಹಿಂದಕ್ಕೆ ಹಾರುವ ಇರುವೆಗಳೂ ನಮ್ಮಲ್ಲಿವೆ, ಅವು ಬೇರೆಯ ಕುಲದವು; ಇದು ನಡುಗಾಲು ಮತ್ತು ಹಿಂಗಾಲುಗಳನ್ನು ಒಮ್ಮೆಲೇ ಚಾಚಿ ಹಾರುತ್ತದೆ, ಒಂದು ನೆಗೆತಕ್ಕೆ ಹತ್ತು ಸೆಂಟಿಮೀಟರ್‌ವರೆಗೂ ಹೋಗಬಲ್ಲುದು. ಬೇಟೆಗಷ್ಟೇ ಅಲ್ಲ, ಬೆದರಿದಾಗ ತಪ್ಪಿಸಿಕೊಳ್ಳಲೂ ಜಿಗಿಯುತ್ತದೆ. ನಿಮ್ಮ ಕಸಬರಿಗೆಯ ಮೇಲೆ ಬಿದ್ದದ್ದು ಬಹುಶಃ ಹಾಗೆ ಬೆದರಿದ್ದೇ ಇರಬೇಕು. ಹಿಡಿದ ಬೇಟೆಯನ್ನು ಅದು ಕೊಲ್ಲದೆ ಕುಟುಕಿ ನಿಶ್ಚೇಷ್ಟಗೊಳಿಸಿ ಗೂಡಿಗೆ ಒಯ್ಯುತ್ತದೆ. ಜೀವವಿರುವ ಆಹಾರ ಕೊಳೆಯುವುದಿಲ್ಲವಾದ್ದರಿಂದ ಮರಿಗಳಿಗೆ ಬೇಕಾದಾಗ ತಾಜಾ ಆಗಿಯೇ ಸಿಗುತ್ತದೆ.

ಗೂಡಿನ ರಚನೆ ನನ್ನ ಮಟ್ಟಿಗೆ ಈ ಇರುವೆಯ ಅತ್ಯಂತ ಸೋಜಿಗದ ಸಂಗತಿ. ಕ್ರಿಶ್ಚಿಯನ್ ಪೀಟರ್ಸ್, ಬರ್ಟ್ ಹೋಲ್ಡಾಬ್ಲರ್, ಮಾರ್ಕ್ ಮಾಫೆಟ್ ಹಾಗೂ ಬೆಂಗಳೂರಿನ ಕೀಟವಿಜ್ಞಾನಿ ಮುಸ್ತಾಕ್ ಅಲಿ ಅವರು 1994ರಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ನೆಲದೊಳಗೆ ಅಷ್ಟೇನೂ ಆಳವಿಲ್ಲದಲ್ಲಿ ಕಮಾನು ಚಾವಣಿಯ ಕೋಣೆಯೊಂದಿರುತ್ತದೆ. ಆ ಚಾವಣಿಗೂ ಸುತ್ತಲಿನ ಮಣ್ಣಿಗೂ ನಡುವೆ ಖಾಲಿ ಜಾಗವನ್ನು ಬಿಟ್ಟಿರುತ್ತವೆ. ದೊಡ್ಡ ಗೂಡುಗಳಲ್ಲಿ ಒಂದರ ಮೇಲೊಂದು ಕೋಣೆಗಳಿದ್ದು, ಅವೆಲ್ಲವನ್ನೂ ಮಣ್ಣಿನ ಟೊಳ್ಳು ಗೋಳವೊಂದು ಆವರಿಸಿರುತ್ತದೆ. ಗೋಳದ ಮೇಲ್ಭಾಗದ ಸಣ್ಣ ಕಂಡಿಗಳಿಗೆ ಮಣ್ಣಿನ ಅಂಚು ಕಟ್ಟಿರುವುದೂ ಉಂಟು. ಮಲೆನಾಡಿನ ಮಳೆಗಾಲದಲ್ಲಿ ನೆಲದಡಿ ವಾಸಿಸುವವರಿಗೆ ನೀರೇ ಮೊದಲ ಶತ್ರುವಾದ್ದರಿಂದ ಈ ವ್ಯವಸ್ಥೆಯ ಪ್ರಯೋಜನವನ್ನು ಬೇರೆಯಾಗಿ ಹೇಳಬೇಕಿಲ್ಲ. ಕಸ ಹಾಕುವ ಕೋಣೆ ಎಲ್ಲಕ್ಕಿಂತ ಕೆಳಗಿರುತ್ತದೆ, ಅಲ್ಲಿ ನೊಣದ ಮರಿಗಳೂ ಇತರ ಸಣ್ಣ ಜೀವಿಗಳೂ ಬದುಕುತ್ತವೆ. ಇನ್ನು ವಾಸದ ಕೋಣೆಗಳ ಒಳಗೋಡೆ: ಮರಿಗಳು ರೂಪಾಂತರ ಹೊಂದಿ ಹೊರಬಂದ ಮೇಲೆ ಉಳಿದ ಖಾಲಿ ರೇಷ್ಮೆಗೂಡುಗಳನ್ನು ಪಟ್ಟಿಪಟ್ಟಿಯಾಗಿ ಹರಿದು, ಗೋಡೆಗೆ ಒತ್ತಾಗಿ ಹೊದಿಸಿರುತ್ತವೆ. ಪತಂಗಕ್ಕೆ ಒಮ್ಮೆ ಹೊರಬಂದ ಮೇಲೆ ತನ್ನ ರೇಷ್ಮೆಗೂಡಿನ ಹಂಗಿಲ್ಲ. ಇರುವೆಗಾದರೋ ತನ್ನ ತೊಟ್ಟಿಲೇ ಮನೆಯ ಗೋಡೆಯಾಗುತ್ತದೆ.

ಇಂಥ ಮನೆಯನ್ನು ಕಟ್ಟುವವರ ಸಂಖ್ಯೆ ತೀರಾ ಸಣ್ಣದು. ಚಗಳಿ ಇರುವೆಯ ಬಳಗದಲ್ಲಿ ಲಕ್ಷಗಟ್ಟಲೆ ಇರುವೆಗಳಿದ್ದರೆ, ಜಿಗಿಯುವ ಇರುವೆಯ ಗೂಡಿನಲ್ಲಿ ಕೆಲವು ಹತ್ತುಗಳಿಂದ ಒಂದೆರಡು ನೂರರವರೆಗೆ ಮಾತ್ರ.

ಅಪರೂಪವೆಂಬ ನಿಮ್ಮ ಹಿರಿಯರ ಮಾತು ಸರಿಯೇ, ಆದರೆ ಎರಡರ ಕಾರಣ ಬೇರೆ ಬೇರೆ. ಅಟ್ಲಾಸ್ ಪತಂಗ ಕಣ್ಣಿಗೆ ಬೀಳದಿರುವುದು ಅದು ಪ್ರೌಢಾವಸ್ಥೆಯಲ್ಲಿ ಇರುವುದೇ ಕೆಲವು ದಿನ, ಅದೂ ರಾತ್ರಿಯ ಜೀವಿಯಾಗಿ ಎಂಬುದರಿಂದ. ಅದರ ಮರಿಹುಳು ನಿಮ್ಮ ತೋಟದ ಅಂಚಿನ ಪೇರಲೆಯಲ್ಲಿಯೇ ವಾರಗಟ್ಟಲೆ ಇದ್ದು ಹೋಗಿರಬಹುದು. ಎಲೆಯ ಆಯ್ಕೆಯಲ್ಲಿ ಅದು ಹಟಮಾರಿಯಲ್ಲದ ಕಾರಣ ಕಾಡಿನ ಅಂಚಿನಲ್ಲಿಯೂ ತೋಟಗಳಲ್ಲಿಯೂ ಬದುಕಬಲ್ಲುದು. ಜಿಗಿಯುವ ಇರುವೆ ಹಾಗಲ್ಲ. ಅದು ವರ್ಷವಿಡೀ ಅಲ್ಲಿಯೇ ಇದ್ದರೂ ಗೂಡುಗಳು ವಿರಳ, ಗೂಡಿನೊಳಗಿನ ಸಂಖ್ಯೆ ಕಡಿಮೆ, ಬೇಟೆಗೆ ತರಗೆಲೆ ಹಾಸಿದ ನೆಲ ಬೇಕು. ಒಂದು ಗೂಡನ್ನು ಗುದ್ದಲಿ ಒಡೆದರೆ ಬಳಗಕ್ಕೆ ಬೇಗ ಚೇತರಿಸಿಕೊಳ್ಳುವುದು ಕಷ್ಟ. ದರಕು ಗುಡಿಸುವುದನ್ನು ನಿಲ್ಲಿಸಿ ಎಂದು ಕೊಟ್ಟಿಗೆಯಿರುವವರಿಗೆ ಹೇಳುವ ಧೈರ್ಯ ನನಗಿಲ್ಲ. ಬೆಟ್ಟದ ಒಂದು ಪಾಲನ್ನು ಸರದಿಯಂತೆ ಬಿಟ್ಟು ಗುಡಿಸಿದರೆ, ಬೇಸಿಗೆಯ ಬೆಂಕಿ ತಾಗದಂತೆ ನೋಡಿಕೊಂಡರೆ, ಅದಕ್ಕೂ ನಿಮಗೂ ಸಾಕಾದೀತು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಜಿಗಿಯುವ ಇರುವೆಗಳಲ್ಲಿ ರಾಣಿ ಸತ್ತರೂ ಗೂಡು ನಾಶವಾಗುವುದಿಲ್ಲ, ಕೆಲಸಗಾರ ಇರುವೆಗಳೇ ಮೊಟ್ಟೆಯಿಡುತ್ತವೆ, ಅವುಗಳ ಆಯಸ್ಸೂ ಹೆಚ್ಚುತ್ತದೆ ಎಂದು ನಮ್ಮ ಉಪನ್ಯಾಸಕರು ಹೇಳಿದರು. ಇದು ನಿಜವೇ?
– ವಿದ್ಯಾರ್ಥಿನಿಯೊಬ್ಬರು, ಮೂಡಿಗೆರೆ

ಉತ್ತರ: ನಿಜ, ಮತ್ತು ಈ ಒಂದು ಗುಣದಿಂದಲೇ ಈ ಇರುವೆ ಪ್ರಪಂಚದ ದೊಡ್ಡ ಪ್ರಯೋಗಾಲಯಗಳಿಗೆ ಹೋಗಿ ಸೇರಿದೆ. ಹೆಚ್ಚಿನ ಇರುವೆಗಳಲ್ಲಿ ಯಾರು ರಾಣಿ, ಯಾರು ಕೆಲಸಗಾರರು ಎಂಬುದು ಮರಿಯಾಗಿದ್ದಾಗಲೇ ನಿರ್ಧಾರವಾಗಿ, ಮುಂದೆ ಬದಲಾಗುವುದಿಲ್ಲ. ಜಿಗಿಯುವ ಇರುವೆಯ ಕೆಲಸಗಾರರಿಗೆ ಮಾತ್ರ ಗಂಡಿನೊಡನೆ ಕೂಡಿ ಫಲವತ್ತಾದ ಮೊಟ್ಟೆಯಿಡುವ ಸಾಮರ್ಥ್ಯ ಉಳಿದಿರುತ್ತದೆ. ರಾಣಿ ಬದುಕಿರುವವರೆಗೆ ಅವಳ ಮೈಗಂಧ ಅದನ್ನು ತಡೆಹಿಡಿದಿರುತ್ತದೆ. ರಾಣಿ ಸತ್ತು ಆ ಗಂಧ ಮಾಯವಾಯಿತೆಂದರೆ ಕೆಲಸಗಾರರು ಎದುರುಬದುರು ನಿಂತು, ಒಬ್ಬರ ತಲೆಗೆ ಇನ್ನೊಬ್ಬರು ಕುಡಿಮೀಸೆಗಳಿಂದ ಚಾಟಿಯಂತೆ ಬಡಿಯುವ ದ್ವಂದ್ವಕ್ಕೆ ತೊಡಗುತ್ತಾರೆ. ಒಬ್ಬಳು ಮುಂದೊತ್ತಿದರೆ ಇನ್ನೊಬ್ಬಳು ಹಿಂದೆ ಸರಿಯುತ್ತಾಳೆ, ಮರುಕ್ಷಣ ಸರದಿ ಬದಲಾಗುತ್ತದೆ. ಇದು ಕೊಲ್ಲುವ ಕಾಳಗವಲ್ಲ, ಆದರೆ ನಲವತ್ತು ದಿನಗಳವರೆಗೂ ನಡೆಯಬಹುದು. ಕೊನೆಗೆ ಗೆಲ್ಲುವವರು ಒಬ್ಬರಲ್ಲ, ಕೆಲವರು. ಅವರು ಗೂಡಿನ ಹೊಸ ಒಡತಿಯರಾಗಿ ಮೊಟ್ಟೆಯಿಡತೊಡಗುತ್ತಾರೆ. ಇಂಥವರನ್ನು ವಿಜ್ಞಾನಿಗಳು ಗ್ಯಾಮರ್ಗೇಟ್ ಎನ್ನುತ್ತಾರೆ.

ದ್ವಂದ್ವದ ಫಲ ದೇಹದೊಳಗೂ ಕಾಣುತ್ತದೆ. ಗೆದ್ದವಳ ಅಂಡಾಶಯ ಸುಮಾರು ಐದು ಪಟ್ಟು ಹಿಗ್ಗುತ್ತದೆ; ಮಿದುಳು ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಕತ್ತಲ ಗೂಡಿನಲ್ಲಿ ಕುಳಿತು ಮೊಟ್ಟೆಯಿಡುವವಳಿಗೆ ಬೇಟೆಗಾರ್ತಿಯ ದೃಷ್ಟಿಯ ಅಗತ್ಯವಿಲ್ಲ, ಮಿದುಳಾದರೋ ಬಹಳ ಶಕ್ತಿ ಬೇಡುವ ಅಂಗ. ಸಾಮಾನ್ಯ ಕೆಲಸಗಾರಳ ಆಯಸ್ಸು ಸುಮಾರು ಏಳು ತಿಂಗಳಾದರೆ ಇವಳದು ನಾಲ್ಕು ವರ್ಷದವರೆಗೆ ಏರುತ್ತದೆ. ಹೆಚ್ಚು ಮೊಟ್ಟೆಯಿಡುವ ಪ್ರಾಣಿಗಳು ಬೇಗ ಸಾಯುವುದೇ ಸಾಮಾನ್ಯವಾದ್ದರಿಂದ ಇದು ಎಲ್ಲರನ್ನೂ ಅಚ್ಚರಿಗೊಳಿಸಿತು. ಮೊಟ್ಟೆಯಿಡಲು ಬೇಕಾದ ಇನ್ಸುಲಿನ್ ಇವಳಲ್ಲಿ ಹೆಚ್ಚಿದರೂ, ಅದು ದೇಹದೊಳಗೆ ಕೊಡುವ ಸಂಕೇತಗಳಲ್ಲಿ ಮುಪ್ಪನ್ನು ತರುವ ಕವಲನ್ನು ಅಂಡಾಶಯವೇ ಸ್ರವಿಸುವ ಪ್ರೋಟೀನೊಂದು ತಡೆಯುತ್ತದೆ ಎಂದು 2022ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಅದಕ್ಕೆ ಒಂದು ವರ್ಷ ಮೊದಲು ಕ್ಲಿಂಟ್ ಪೆನಿಕ್ ಮತ್ತು ಸಂಗಡಿಗರು ಗ್ಯಾಮರ್ಗೇಟ್‌ಗಳನ್ನು ಕೆಲವು ವಾರ ಒಂಟಿಯಾಗಿರಿಸಿ, ಮರಳಿ ಬಳಗಕ್ಕೆ ಬಿಟ್ಟಾಗ, ಅವು ಮತ್ತೆ ಕೆಲಸಗಾರರಾಗಿ ಅಂಡಾಶಯ ಕುಗ್ಗಿ, ಮಿದುಳು ಮೊದಲಿನ ಗಾತ್ರಕ್ಕೆ ಬೆಳೆದದ್ದನ್ನು ಕಂಡರು. ಕುಗ್ಗಿದ ಮಿದುಳು ಹೀಗೆ ಮರಳಿ ಬೆಳೆದದ್ದು ಕೀಟಗಳಲ್ಲಿ ಅದುವರೆಗೆ ಕಂಡಿರದ ಸಂಗತಿ. ಈ ಇರುವೆಯ ಜೀನೋಮನ್ನು, ಅಂದರೆ ಅದರ ಪೂರ್ಣ ಆನುವಂಶಿಕ ಮಾಹಿತಿಯನ್ನು, 2010ರಲ್ಲಿಯೇ ಓದಿ ಮುಗಿಸಲಾಗಿತ್ತು.

ಹಿಂದಿನ ಉತ್ತರದ ಪತಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆಯಸ್ಸಿಗೂ ಗಾತ್ರಕ್ಕೂ ಸಂಬಂಧವಿಲ್ಲವೆಂಬುದು ತಿಳಿಯುತ್ತದೆ. ಪತಂಗದ ಮೊಟ್ಟೆಗಳು ಒಮ್ಮೆಗೇ ಸಿದ್ಧವಾಗಿರುತ್ತವೆ, ಇಟ್ಟ ಮೇಲೆ ತಾಯಿಯ ದೇಹವನ್ನು ಕಾಪಾಡಿಕೊಳ್ಳುವುದರಿಂದ ಸಂತತಿಗೆ ಲಾಭವಿಲ್ಲ. ಇರುವೆ ವರ್ಷಾನುಗಟ್ಟಲೆ ಕೆಲವೇ ಮೊಟ್ಟೆಗಳನ್ನು ನಿಧಾನವಾಗಿ ಇಡುತ್ತ, ಕಟ್ಟಲು ಕಷ್ಟಪಟ್ಟ ಗೂಡನ್ನು ಕೈಬಿಡದೆ ಉಳಿಸಿಕೊಳ್ಳಬೇಕು. ಅದಕ್ಕೆ ಬಾಳಿಕೆ ಬರುವ ದೇಹವೇ ಬೇಕು. ಹೊಸ ಗೂಡನ್ನು ಆರಂಭಿಸುವುದು ಮಾತ್ರ ಇಂದಿಗೂ ರೆಕ್ಕೆಯಿರುವ ನಿಜವಾದ ರಾಣಿಯ ಕೆಲಸ: ಅವಳು ಹಾರಿಹೋಗಿ, ಮೊದಲ ಮರಿಗಳು ದೊಡ್ಡದಾಗುವವರೆಗೆ ತಾನೇ ಬೇಟೆಯಾಡಿ ಸಾಕುತ್ತಾಳೆ.

ಪ್ರಶ್ನೆ: ಅಟ್ಲಾಸ್ ಪತಂಗದ ಗೂಡಿನಿಂದ ರೇಷ್ಮೆ ತೆಗೆಯಬಹುದೇ? ರಾಮನಗರದ ರೇಷ್ಮೆಗೂ ಅದಕ್ಕೂ ಏನು ವ್ಯತ್ಯಾಸ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತೆಗೆಯಬಹುದು, ಆದರೆ ಬಿಚ್ಚಣಿಕೆ ಮಾಡಲಾಗುವುದಿಲ್ಲ. ರಾಮನಗರದ ಮಾರುಕಟ್ಟೆಗೆ ಬರುವ ಹಿಪ್ಪುನೇರಳೆ ರೇಷ್ಮೆಗೂಡು ಒಂದೇ ಅಖಂಡ ಎಳೆಯದು, ಎಲ್ಲ ಕಡೆಯೂ ಮುಚ್ಚಿದ್ದು. ಅಟ್ಲಾಸ್‌ನ ಗೂಡು ಒಂದು ತುದಿಯಲ್ಲಿ ತೆರೆದಿರುವುದರಿಂದ ಎಳೆ ತುಂಡುತುಂಡಾಗಿ ಬರುತ್ತದೆ. ಅದನ್ನು ಉಣ್ಣೆಯಂತೆ ನೂತು ಫಗಾರ ಎಂಬ ಕಂದುಬಣ್ಣದ ಒರಟು ರೇಷ್ಮೆ ಮಾಡುವುದುಂಟು. ತೈವಾನಿನಲ್ಲಿ ಖಾಲಿ ಗೂಡನ್ನೇ ಸಣ್ಣ ಚೀಲವಾಗಿ ಬಳಸಿದ್ದಾರೆ. ಹರಳೆಲೆ ತಿನ್ನುವ ಎರಿ ರೇಷ್ಮೆಹುಳು ಇದರದೇ ಕುಟುಂಬದ್ದಾಗಿದ್ದು, ಅದರ ಗೂಡನ್ನೂ ಹೀಗೆಯೇ ನೂಲುತ್ತಾರೆ. ವ್ಯಾಪಾರಕ್ಕೆ ಎರಿಯೇ ಸಾಕು, ಕಾಡಿನ ಗೂಡುಗಳನ್ನು ಕೀಳುವ ಅಗತ್ಯ ನನಗೆ ಕಾಣುವುದಿಲ್ಲ.

ಪ್ರಶ್ನೆ: ಅಟ್ಲಾಸ್ ಪತಂಗದ ರೆಕ್ಕೆಯ ತುದಿ ಹಾವಿನ ಹೆಡೆಯಂತಿರುವುದು ಹಕ್ಕಿಗಳನ್ನು ಹೆದರಿಸಲೆಂದೇ? ನಮ್ಮ ಮನೆಯ ಪರದೆಯ ಮೇಲೆ ಅದು ಕಡುಗೆಂಪು ಚುಕ್ಕೆಗಳಂಥ ಮೊಟ್ಟೆಗಳನ್ನಿಟ್ಟು ಸತ್ತುಹೋಯಿತು, ಅವುಗಳನ್ನು ಏನು ಮಾಡಬೇಕು?
– ಗೃಹಿಣಿಯೊಬ್ಬರು, ಯಲ್ಲಾಪುರ

ಉತ್ತರ: ಮುಂರೆಕ್ಕೆಯ ತುದಿಯ ಬಾಗು, ಅದರ ಮೇಲಿನ ಕಣ್ಣಿನಂಥ ಕಪ್ಪು ಚುಕ್ಕೆ, ಬಾಯಿಯಂಥ ಗೆರೆ ಇವೆಲ್ಲ ಸೇರಿ ನಮ್ಮ ಕಣ್ಣಿಗೆ ಹಾವಿನ ತಲೆಯಂತೆ ಕಾಣುವುದು ನಿಜ, ಬೆದರಿದ ಪತಂಗ ಆ ರೆಕ್ಕೆಗಳನ್ನು ನಿಧಾನವಾಗಿ ಅಲುಗಿಸುವುದೂ ನಿಜ. ಇದನ್ನು ಹಾವಿನ ಅನುಕರಣೆಯೆಂದು ಅನೇಕರು ವಿವರಿಸುತ್ತಾರೆ; ಆ ವಿವರಣೆಯನ್ನು ಊಹೆಯೆಂದು ಇಟ್ಟುಕೊಳ್ಳುವುದೇ ಲೇಸೆಂದು ನನಗೆ ತೋರುತ್ತದೆ.

ಮೊಟ್ಟೆಗಳ ವಿಷಯ. ಗಂಡಿನೊಡನೆ ಕೂಡದ ಹೆಣ್ಣೂ ಕೊನೆಗೆ ಮೊಟ್ಟೆಯಿಡುತ್ತದೆ, ಅವು ಒಡೆಯುವುದಿಲ್ಲ. ಕೂಡಿದ್ದರೆ ಸುಮಾರು ಎರಡು ವಾರದೊಳಗೆ ಮರಿಗಳು ಹೊರಬರುತ್ತವೆ. ಮೊಟ್ಟೆ ಬಟ್ಟೆಗೆ ಗಟ್ಟಿಯಾಗಿ ಅಂಟಿರುತ್ತದೆ. ಕೆರೆದು ತೆಗೆಯಲು ಹೋದರೆ ಒಡೆಯುತ್ತದೆ. ಪರದೆಯ ಆ ತುಂಡನ್ನು ಕತ್ತರಿಸಲು ಮನಸ್ಸಿಲ್ಲದಿದ್ದರೆ ಪರದೆಯನ್ನೇ ಕಳಚಿ, ಬಿಸಿಲು ಬೀಳದ ಕಡೆ ಮಡಿಸದೆ ತೂಗುಹಾಕಿ. ಮರಿಗಳು ಬಂದ ಕೂಡಲೇ ಮೃದುವಾದ ಕುಂಚದಿಂದ ಎತ್ತಿ, ಔಷಧಿ ಹೊಡೆಯದ ಪೇರಲೆ ಅಥವಾ ದಾಲ್ಚಿನ್ನಿ ಗಿಡದ ಎಳೆಯ ಎಲೆಗೆ ಬಿಡಿ. ಗಿಡದ ಬುಡಕ್ಕೆ ಇರುವೆ ಹತ್ತದಂತೆ ನೋಡಿಕೊಳ್ಳಿ. ಮೊದಲ ಕೆಲವು ದಿನಗಳಲ್ಲಿ ಮರಿಗಳು ಹೆಚ್ಚಾಗಿ ಸಾಯುವುದು ಇರುವೆ, ಜೇಡಗಳಿಂದಲೇ.